ಸ್ನಾಯು, ಮೋಟಾರ್ ಪ್ರೋಟೀನ್ ಮತ್ತು ನನ್ನ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿಯ ಕಾಲೇಜುಗಳಿಗೆ ಮಾತಾಡಲು ಹೋದಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಇಲ್ಲಿವೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುವವೂ ಇವೆ. ನಾನು ಜೀವಕೋಶ ವಿಜ್ಞಾನಿ. ಓದು ಶುರುವಾದದ್ದು ಇದೇ ಕರಾವಳಿಯಲ್ಲಿ. ಪಿಎಚ್‌ಡಿಗೆ ಬೆಂಗಳೂರು, ಆಮೇಲೆ ಕೆಲವು ವರ್ಷ ಹೊರದೇಶ, ಈಗ ಮತ್ತೆ ಮಂಗಳೂರು.

ನಿಮ್ಮ ಕೆಲಸ ಎಂತ ಮಾರಾಯ್ರೆ? ಒಂದು ವಾಕ್ಯದಲ್ಲಿ ಹೇಳಿ.

ಜೀವಕೋಶದೊಳಗೆ ಎಳೆಯುವ, ಹೊರುವ, ನಡೆಯುವ ಪ್ರೋಟೀನ್‌ಗಳು, ಅಂದರೆ ಮೋಟಾರ್ ಪ್ರೋಟೀನ್‌ಗಳು, ಹೇಗೆ ಕೆಲಸ ಮಾಡುತ್ತವೆ ಎಂದು ನೋಡುವುದು.

ಅಂದರೆ ನೀವು ಸ್ನಾಯು ಡಾಕ್ಟರಾ?

ಅಲ್ಲ. ಹೆಸರಿನ ಹಿಂದೆ ಡಾಕ್ಟರ್ ಇದೆ, ಆದರೆ ಮೊಣಕಾಲು ನೋವಿಗೆ ನನ್ನ ಹತ್ತಿರ ಮದ್ದಿಲ್ಲ. ಮೆಡಿಕಲ್ ಸೀಟ್ ಸಿಗದೆ ಈ ಕಡೆ ಬಂದಿರಾ ಎಂದೂ ಕೇಳುತ್ತಾರೆ. ಬಂದವರು ಇದ್ದಾರೆ, ಒಳ್ಳೆಯ ವಿಜ್ಞಾನಿಗಳೂ ಆಗಿದ್ದಾರೆ. ನಾನು ಮಾತ್ರ ಆ ಪರೀಕ್ಷೆ ಬರೆಯಲೇ ಇಲ್ಲ.

ಸ್ನಾಯು ಬಿಗಿಯಾಗುವಾಗ ಒಳಗೆ ನಿಜವಾಗಿ ಏನಾಗುತ್ತದೆ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ಸ್ನಾಯುವಿನ ನಾರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಪ್ಪು ಬಿಳಿ ಪಟ್ಟೆಗಳು ಕಾಣುತ್ತವೆ. ಒಂದು ಪಟ್ಟೆ ಜೋಡಿಯ ಉದ್ದ ಸುಮಾರು ಎರಡರಿಂದ ಎರಡೂವರೆ ಮೈಕ್ರೋಮೀಟರ್. ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಈ ಘಟಕಕ್ಕೆ ಸಾರ್ಕೋಮಿಯರ್ ಎನ್ನುತ್ತಾರೆ. ಅದರೊಳಗೆ ಎರಡು ಬಗೆಯ ಎಳೆಗಳಿವೆ. ದಪ್ಪ ಎಳೆ ಮಯೋಸಿನ್ ಪ್ರೋಟೀನಿನದು, ತೆಳು ಎಳೆ ಆಕ್ಟಿನ್‌ನದು.

ಸ್ನಾಯು ಗಿಡ್ಡವಾಗುತ್ತದೆ ಅಂದರೆ ಒಳಗಿನ ಪ್ರೋಟೀನ್ ಮುದುಡುತ್ತದೆ ಎಂದೇ ಬಹಳ ಜನ ನಂಬಿದ್ದರು. ಅದು ತಪ್ಪು ಎಂದು ತೋರಿಸಿದ್ದು 1954ರಲ್ಲಿ. ಮೇ ತಿಂಗಳ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದು ಹ್ಯೂ ಹಕ್ಸ್‌ಲೀ ಮತ್ತು ಜೀನ್ ಹ್ಯಾನ್ಸನ್ ಅವರದು, ಇನ್ನೊಂದು ಆಂಡ್ರ್ಯೂ ಹಕ್ಸ್‌ಲೀ ಮತ್ತು ರೋಲ್ಫ್ ನೀಡರ್‌ಗರ್ಕೆ ಅವರದು. ಹೆಸರು ಒಂದೇ ಆದರೂ ಹಕ್ಸ್‌ಲೀಗಳಿಬ್ಬರು ಸಂಬಂಧಿಕರಲ್ಲ. ಇಬ್ಬರ ದಾರಿಯೂ ಬೇರೆ. ಒಬ್ಬರು ಮೊಲದ ಸ್ನಾಯುವಿನಿಂದ ಬಿಡಿಸಿದ ಎಳೆಗಳನ್ನು ನೋಡಿದರು. ಇನ್ನೊಬ್ಬರು ತಾವೇ ಕಟ್ಟಿದ ಮೈಕ್ರೋಸ್ಕೋಪಿನಲ್ಲಿ ಕಪ್ಪೆಯ ಜೀವಂತ ನಾರನ್ನು ನೋಡಿದರು. ಕಂಡದ್ದು ಒಂದೇ. ಕಪ್ಪು ಪಟ್ಟೆಯ ಉದ್ದ ಬದಲಾಗುವುದಿಲ್ಲ. ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಇನ್ನೊಂದು ಜಾರುತ್ತದೆ, ಅಷ್ಟೇ.

ಜಾರಿಸುವುದು ಯಾರು? ಮಯೋಸಿನ್‌ನ ತಲೆಗಳು. ಒಂದು ದಪ್ಪ ಎಳೆಯಲ್ಲಿ ಸುಮಾರು 300 ಮಯೋಸಿನ್ ಅಣುಗಳಿವೆ, ಒಂದೊಂದಕ್ಕೂ ಎರಡು ತಲೆ. ಉಡುಪಿ ರಥಬೀದಿಯಲ್ಲಿ ತೇರಿನ ಹಗ್ಗ ಎಳೆಯುವವರನ್ನು ನೋಡಿದ್ದೀರಲ್ಲ? ಎಲ್ಲರೂ ಒಂದೇ ಕ್ಷಣಕ್ಕೆ ಕೈ ಬಿಡುವುದಿಲ್ಲ. ಕೆಲವರು ಎಳೆಯುವಾಗ ಕೆಲವರು ಕೈ ಬದಲಿಸುತ್ತಾರೆ, ತೇರು ಹಿಂದೆ ಬರುವುದಿಲ್ಲ. ಇಲ್ಲಿಯೂ ಹಾಗೆಯೇ. ಒಂದು ತಲೆ ಒಮ್ಮೆ ಎಳೆಯುವ ದೂರ 10 ನ್ಯಾನೋಮೀಟರಿನ ಒಳಗೆ (ನ್ಯಾನೋಮೀಟರ್ ಅಂದರೆ ಮೈಕ್ರೋಮೀಟರಿನ ಸಾವಿರದಲ್ಲೊಂದು ಭಾಗ). ಬಲ ಕೆಲವೇ ಪಿಕೋನ್ಯೂಟನ್, ಅಂದರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಕೆಲವೇ ಭಾಗ. ಕೋಟಿಗಟ್ಟಲೆ ತಲೆಗಳು ಸೇರಿದಾಗ ನೀವು ಬಾವಿಯಿಂದ ಕೊಡಪಾನ ಎತ್ತುತ್ತೀರಿ.

ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗುವ ವಿಷಯ ಮುಂದಿದೆ. ಮಯೋಸಿನ್ ತಲೆ ಆಕ್ಟಿನ್ ಹಿಡಿದುಕೊಳ್ಳಲು ಎಟಿಪಿ (ಜೀವಕೋಶದ ಇಂಧನ ಅಣು) ಬೇಕಾಗಿಲ್ಲ. ಎಟಿಪಿ ಬೇಕಾಗುವುದು ಬಿಡಲು. ಎಟಿಪಿ ಬಂದು ಕೂತರೆ ತಲೆ ಹಿಡಿತ ಬಿಡುತ್ತದೆ. ಆ ಎಟಿಪಿ ಒಡೆದಾಗ ತಲೆ ಮುಂದಿನ ಎಳೆತಕ್ಕೆ ಸಿದ್ಧವಾಗುತ್ತದೆ. ಮತ್ತೆ ಆಕ್ಟಿನ್ ಹಿಡಿದು, ಒಡೆದ ಫಾಸ್ಫೇಟ್ ಹೊರಗೆ ಬಿಡುವಾಗ ಎಳೆಯುತ್ತದೆ. ಯಾವಾಗ ಶುರು ಮಾಡಬೇಕು ಎಂದು ಹೇಳುವುದು ಕ್ಯಾಲ್ಸಿಯಂ. ಅದಕ್ಕೆ ಟ್ರೋಪೋನಿನ್ ಎಂಬ ಪ್ರೋಟೀನ್ ಬೇಕು ಎಂದು 1960ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಸೆತ್ಸುರೋ ಎಬಾಶಿ.

ತಾಜಾ ಬಂಗುಡೆ ಬಾಲ ಹಿಡಿದರೆ ಬಗ್ಗದೆ ನೆಟ್ಟಗೆ ನಿಲ್ಲುತ್ತದೆ. ಇದಕ್ಕೂ ನಿಮ್ಮ ಕೆಲಸಕ್ಕೂ ಸಂಬಂಧ ಇದೆಯಾ?

ಇದೆ, ನೇರ ಸಂಬಂಧ. ಮೇಲಿನ ಉತ್ತರದ ಕೊನೆಯ ಭಾಗವೇ ಇದಕ್ಕೂ ಉತ್ತರ. ಮೀನು ಸತ್ತ ಮೇಲೆ ಎಟಿಪಿ ಖಾಲಿಯಾಗುತ್ತದೆ. ಕ್ಯಾಲ್ಸಿಯಂ ಸೋರುತ್ತದೆ. ಮಯೋಸಿನ್ ತಲೆಗಳು ಆಕ್ಟಿನ್ ಹಿಡಿದುಕೊಳ್ಳುತ್ತವೆ, ಬಿಡಲು ಎಟಿಪಿ ಇಲ್ಲ. ಅದೇ ಆ ಸೆಟೆತ. ಇನ್ನೂ ಸಮಯ ಕಳೆದರೆ ಮೀನಿನದೇ ಕಿಣ್ವಗಳು ಪ್ರೋಟೀನುಗಳನ್ನು ಕತ್ತರಿಸುತ್ತವೆ, ಮೀನು ಮೆತ್ತಗಾಗುತ್ತದೆ. ದಕ್ಕೆಯಲ್ಲಿ ಮೀನು ಮಾರುವ ಹೆಂಗಸರು ಒಂದು ಬೆರಳಲ್ಲಿ ಒತ್ತಿ ಹೇಳುವುದು ಇದನ್ನೇ. ಮಂಜುಗಡ್ಡೆ ಈ ಎಲ್ಲವನ್ನೂ ನಿಧಾನ ಮಾಡುತ್ತದೆ.

ಒಂದು ಉಪಕಥೆ. ಎಟಿಪಿ ಒಡೆಯುತ್ತಾ ಹೋಗುವಾಗ ಮಧ್ಯದಲ್ಲಿ ಇನೋಸಿನ್ ಮಾನೋಫಾಸ್ಫೇಟ್ ಎಂಬ ವಸ್ತು ಸಿಗುತ್ತದೆ. ಮೀನಿನ ರುಚಿಗೆ ಅದರ ಪಾಲು ದೊಡ್ಡದು. ಹಾಗಾಗಿ ನಿಮ್ಮ ಸಾರಿನ ರುಚಿ ಸ್ವಲ್ಪ ಮಟ್ಟಿಗೆ ಸ್ನಾಯುವಿನ ಹಳೆಯ ಇಂಧನ.

ಬಂಗುಡೆಯನ್ನು ಕತ್ತರಿಸಿದಾಗ ಬದಿಯಲ್ಲಿ ಕಡುಗೆಂಪು ಪಟ್ಟಿ ಕಾಣುತ್ತದೆ. ಮಕ್ಕಳು ಅದನ್ನು ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಅದು ನಿಧಾನದ ಸ್ನಾಯು, ಗಂಟೆಗಟ್ಟಲೆ ಈಜಲು ಇರುವುದು. ಉಳಿದ ಬಿಳಿ ಮಾಂಸ ಒಮ್ಮೆಲೇ ನುಗ್ಗಲು. ಎರಡರಲ್ಲೂ ಮಯೋಸಿನ್ ಇದೆ, ಆದರೆ ಬೇರೆ ಬೇರೆ ಬಗೆಯದು.

ಹಾಗಾದರೆ ಮೋಟಾರ್ ಪ್ರೋಟೀನ್ ಅಂದರೆ ಸ್ನಾಯುವಿನಲ್ಲಿ ಮಾತ್ರ ಇರುವುದಾ?

ಇಲ್ಲ. ನಾನು ಎಲ್ಲಿ ಹೋದರೂ ಇದನ್ನೇ ಒತ್ತಿ ಹೇಳುತ್ತೇನೆ. ಸ್ನಾಯು ಇಲ್ಲದ ಜೀವಕೋಶದಲ್ಲೂ ಇಂಥ ಪ್ರೋಟೀನ್‌ಗಳಿವೆ. ನಮ್ಮ ದೇಹದಲ್ಲಿ ಮಯೋಸಿನ್‌ಗೆ ಸುಮಾರು 40 ಜೀನ್‌ಗಳಿವೆ, ಕೈನೆಸಿನ್ ಎಂಬ ಇನ್ನೊಂದು ಮೋಟಾರಿಗೆ ಸುಮಾರು 45. ಸ್ನಾಯುವಿನಲ್ಲಿ ಅವು ಸಾಲಾಗಿ, ರಾಶಿಯಾಗಿ ಸಿಗುತ್ತವೆ, ಅದಕ್ಕೇ ಅಲ್ಲಿ ಮೊದಲು ಕಂಡವು. ನಮ್ಮ ಕ್ಷೇತ್ರದ ಬಹಳ ಜನ ಸ್ನಾಯುವಿನಿಂದ ಶುರು ಮಾಡಿ ಮೆಲ್ಲಗೆ ಬೇರೆ ಕೋಶಗಳಿಗೆ ಸರಿದಿದ್ದಾರೆ. ನಾನೂ ಹಾಗೆಯೇ.

ಕೈನೆಸಿನ್ ಕಥೆ ಕೇಳಿ. ಸ್ಕ್ವಿಡ್ ಗೊತ್ತಲ್ಲ, ನಮ್ಮಲ್ಲಿ ಬೊಂಡಾಸ್ ಎಂದು ಮಸಾಲೆ ಹಾಕಿ ಹುರಿಯುವ ಪ್ರಾಣಿ. ಅದರ ಒಂದು ನರತಂತು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಅದರೊಳಗಿನ ದ್ರವವನ್ನು ಹಿಂಡಿ ತೆಗೆದು ನೋಡಬಹುದು. ಅಮೆರಿಕದ ವುಡ್ಸ್ ಹೋಲ್‌ನಲ್ಲಿ ರಾನ್ ವೇಲ್, ಮೈಕಲ್ ಶೀಟ್ಜ್, ಥಾಮಸ್ ರೀಸ್ ಹೀಗೆ ನೋಡುತ್ತಾ 1985ರಲ್ಲಿ ಹೊಸ ಮೋಟಾರ್ ಒಂದನ್ನು ಪತ್ತೆ ಮಾಡಿದರು. ಅದೇ ಕೈನೆಸಿನ್. ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಯ ಮೇಲೆ 8 ನ್ಯಾನೋಮೀಟರಿಗೆ ಒಂದು ಹೆಜ್ಜೆ, ಒಂದು ಹೆಜ್ಜೆಗೆ ಒಂದು ಎಟಿಪಿ.

ನಿಮ್ಮ ಬೆನ್ನುಹುರಿಯಿಂದ ಕಾಲಿನ ತುದಿವರೆಗೆ ಹೋಗುವ ನರಕೋಶ ಸುಮಾರು ಒಂದು ಮೀಟರ್ ಉದ್ದ. ಪ್ರೋಟೀನ್ ತಯಾರಾಗುವುದು ಹೆಚ್ಚಾಗಿ ಮೇಲೆ, ಬೇಕಾಗುವುದು ಕೆಳಗೆ. ಹೊತ್ತು ಸಾಗಿಸುವುದು ಕೈನೆಸಿನ್. ವೇಗದ ಸರಕು ಕೂಡ ದಿನಕ್ಕೆ 200ರಿಂದ 400 ಮಿಲಿಮೀಟರ್ ಮಾತ್ರ ಸಾಗುತ್ತದೆ. ಅಂದರೆ ಇಂದು ಹೊರಟದ್ದು ಬೆರಳ ತುದಿ ಮುಟ್ಟಲು ಕೆಲವು ದಿನ ಬೇಕು.

ವಾಪಸ್ ತರುವುದು ಡೈನೀನ್ ಎಂಬ ಮತ್ತೊಂದು ಮೋಟಾರ್. ಶ್ವಾಸನಾಳದ ಕೂದಲಿನಂಥ ಸಿಲಿಯಾ ಬಡಿಯುವುದೂ ಡೈನೀನ್‌ನಿಂದಲೇ. ಅದು ಕೆಟ್ಟು ಹುಟ್ಟಿದವರಿಗೆ ಪದೇ ಪದೇ ಕಫ, ಸೈನಸ್ ಕಾಟ. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೃದಯ ಬಲಗಡೆ ಇರುತ್ತದೆ! ಭ್ರೂಣದಲ್ಲಿ ಎಡ ಬಲ ತೀರ್ಮಾನವಾಗುವುದಕ್ಕೂ ಸಿಲಿಯಾ ತಿರುಗಬೇಕು. ತಿರುಗದಿದ್ದರೆ ಯಾವ ಕಡೆ ಬೇಕಾದರೂ ಆಗಬಹುದು.

ಕಂಬಳದ ಓಟಗಾರರ ಸ್ನಾಯುವಿನಲ್ಲಿ ಏನಾದರೂ ವಿಶೇಷ ಇದೆಯಾ? ಬೋಲ್ಟ್‌ಗಿಂತ ವೇಗ ಅಂದಿದ್ದರಲ್ಲ?

2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆರೆಯನ್ನು 13.62 ಸೆಕೆಂಡಿನಲ್ಲಿ ಓಡಿದ ಮೇಲೆ ಈ ಪ್ರಶ್ನೆ ಬಿಡುವುದೇ ಇಲ್ಲ. ಅದನ್ನು 100 ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು. ಕೋಣಗಳು ಮುಂದಕ್ಕೆ ಎಳೆಯುತ್ತಿರುತ್ತವೆ, ಹಾಗಾಗಿ ಟ್ರ್ಯಾಕಿನ ಓಟಕ್ಕೆ ಹೋಲಿಸುವುದು ಸರಿಯಲ್ಲ. ಆದರೆ ಕೆಸರು ನೀರಿನಲ್ಲಿ ಆ ವೇಗಕ್ಕೆ ಕಾಲು ಕೊಡುವುದು ಸುಮ್ನೆ ಅಲ್ಲ.

ವೇಗದ ನಾರಿನಲ್ಲಿ ಮಾತ್ರ ಇರುವ ಆಲ್ಫಾ ಆಕ್ಟಿನಿನ್-3 ಎಂಬ ಪ್ರೋಟೀನ್ ಇದೆ. ಜಗತ್ತಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಇಲ್ಲವೇ ಇಲ್ಲ. ಅವರಿಗೆ ಕಾಯಿಲೆ ಏನಿಲ್ಲ. ಆದರೆ ಉನ್ನತ ಮಟ್ಟದ ಸ್ಪ್ರಿಂಟ್ ಓಟಗಾರರಲ್ಲಿ ಅಂಥವರು ಸಿಗುವುದು ಅಪರೂಪ. ಇದನ್ನು ನೋಡಿ ಮಗುವಿನ ಜೀನ್ ಪರೀಕ್ಷೆ ಮಾಡಿಸಿ ಆಟ ಆರಿಸಲು ಹೋಗಬೇಡಿ. ಒಂದು ಜೀನ್ ಅಷ್ಟೆಲ್ಲ ಹೇಳುವುದಿಲ್ಲ.

ನಾವು ಮೀನು, ಮಾಂಸ ಮುಟ್ಟದವರು. ಈ ಕ್ಷೇತ್ರಕ್ಕೆ ಬರಬಹುದಾ?

ಉಡುಪಿಯಲ್ಲಿ ಈ ಪ್ರಶ್ನೆ ಬಾರದ ದಿನ ಇಲ್ಲ. ಖಂಡಿತ ಬರಬಹುದು. ಯೀಸ್ಟ್‌ನಲ್ಲಿ ಮಯೋಸಿನ್, ಕೈನೆಸಿನ್, ಡೈನೀನ್ ಮೂರೂ ಇವೆ. ಕೈನೆಸಿನ್ ತುಂಡನ್ನು ಬ್ಯಾಕ್ಟೀರಿಯಾದಲ್ಲೇ ಬೆಳೆಸಿ ತೆಗೆಯುತ್ತಾರೆ. ಸ್ನಾಯುವಿನ ಮಯೋಸಿನ್ ಮಾತ್ರ ಸ್ವಲ್ಪ ಹಟಮಾರಿ, ಬ್ಯಾಕ್ಟೀರಿಯಾದಲ್ಲಿ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಅದಕ್ಕೆ ಇಲಿಯ ಸ್ನಾಯುಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸುತ್ತಾರೆ.

ಗಿಡಗಳಲ್ಲೂ ಮಯೋಸಿನ್ ಇದೆ. ಈಗ ಗೊತ್ತಿರುವುದರಲ್ಲಿ ಅತಿ ವೇಗದ್ದು ಕೆರೆ, ಗದ್ದೆಯ ನೀರಿನಲ್ಲಿ ಬೆಳೆಯುವ ಕಾರಾ ಎಂಬ ಪಾಚಿಯದು. ನಮ್ಮ ಸ್ನಾಯುವಿನದಕ್ಕಿಂತ ಸುಮಾರು ಹತ್ತು ಪಟ್ಟು ಜಾಸ್ತಿ ವೇಗ. ಅಷ್ಟು ದೂರ ಹೋಗುವುದೂ ಬೇಡ. ಕೆರೆಯಿಂದ ಹೈಡ್ರಿಲ್ಲಾ ತನ್ನಿ, ಎಳೆಯ ಎಲೆಯೊಂದನ್ನು ನೀರಿನ ಹನಿಯಲ್ಲಿಟ್ಟು ಕಾಲೇಜಿನ ಮೈಕ್ರೋಸ್ಕೋಪಿನ ಕೆಳಗೆ ಸ್ವಲ್ಪ ಹೊತ್ತು ಬೆಳಕಿಗೆ ಬಿಡಿ. ಹಸಿರು ಕಣಗಳು ಕೋಶದ ಅಂಚಿನಲ್ಲಿ ಸುತ್ತುವುದು ಕಾಣುತ್ತದೆ. ಎಳೆಯುತ್ತಿರುವುದು ಮಯೋಸಿನ್. ಪುಸ್ತಕದ ಚಿತ್ರಕ್ಕಿಂತ ಇದು ಎಷ್ಟೋ ಮೇಲು.

ಲ್ಯಾಬಿನಲ್ಲಿ ದಿನವಿಡೀ ಏನು ಮಾಡ್ತೀರಿ?

ಜಾಸ್ತಿ ಹೊತ್ತು ಚಳಿಯಲ್ಲಿ ಅಥವಾ ಕತ್ತಲೆಯಲ್ಲಿ ಇರುತ್ತೇನೆ. ಹೊರಗೆ ಮಂಗಳೂರಿನ ಸೆಕೆ, ಒಳಗೆ 4 ಡಿಗ್ರಿಯ ಕೋಣೆಯಲ್ಲಿ ಸ್ವೆಟರ್. ಆಕ್ಟಿನ್ ತೆಗೆಯಲು ಕೋಳಿ ಅಂಗಡಿಯ ಎದೆಮಾಂಸ ಸಾಕು. ಅದನ್ನು ಅರೆದು, ಉಪ್ಪು ದ್ರಾವಣದಲ್ಲಿ ಮಯೋಸಿನ್ ತೊಳೆದು ಹಾಕಿ, ಅಸಿಟೋನ್‌ನಲ್ಲಿ ಒಣಗಿಸಿ ಪುಡಿ ಮಾಡಿ ಫ್ರೀಜರಿನಲ್ಲಿ ಇಡುತ್ತೇವೆ. ಬೇಕಾದಾಗ ಆ ಪುಡಿಯಿಂದ ಆಕ್ಟಿನ್ ಬಿಡಿಸುತ್ತೇವೆ. ಉಪ್ಪು ಸೇರಿಸಿದರೆ ಬಿಡಿ ಅಣುಗಳು ತಾವಾಗಿಯೇ ಎಳೆಗಳಾಗಿ ಜೋಡಿಸಿಕೊಳ್ಳುತ್ತವೆ. ದ್ರಾವಣ ಗಟ್ಟಿಯಾಗುವುದು ಕಣ್ಣಿಗೇ ಗೊತ್ತಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಹಳೆಯದಾಗುವುದಿಲ್ಲ.

ಆಮೇಲೆ ಗಾಜಿನ ಮೇಲೆ ಮಯೋಸಿನ್ ಹಚ್ಚಿ, ಹೊಳೆಯುವ ಬಣ್ಣ ಕಟ್ಟಿದ ಆಕ್ಟಿನ್ ಎಳೆಗಳನ್ನು ಮೇಲೆ ಬಿಡುತ್ತೇವೆ. ಎಳೆ ಅಲ್ಲಾಡುವುದಿಲ್ಲ. ಎಟಿಪಿ ಹಾಕಿದ ಕೂಡಲೇ ಪರದೆಯ ತುಂಬ ಎಳೆಗಳು ಹರಿದಾಡುತ್ತವೆ, ಸೆಕೆಂಡಿಗೆ ಕೆಲವು ಮೈಕ್ರೋಮೀಟರ್. ಬಣ್ಣವನ್ನು ಎಳೆಗೆ ಕಟ್ಟುವ ಫಾಲಾಯ್ಡಿನ್ ಬರುವುದು ಡೆತ್ ಕ್ಯಾಪ್ ಎಂಬ ವಿಷದ ಅಣಬೆಯಿಂದ. ಕೈಗವಸು ಇಲ್ಲದೆ ಮುಟ್ಟುವ ಹಾಗಿಲ್ಲ.

ಉಳಿದ ಹೊತ್ತು ವೀಡಿಯೋದಲ್ಲಿ ಎಳೆಗಳ ವೇಗ ಅಳೆಯುವುದು, ಕೋಡ್ ಬರೆಯುವುದು, ಅನುದಾನಕ್ಕೆ ಅರ್ಜಿ ಬರೆಯುವುದು. ಅರ್ಜಿಯ ಬಗ್ಗೆ ಯಾರೂ ಮೊದಲೇ ಹೇಳಿರುವುದಿಲ್ಲ.

ಕರಾವಳಿಯಲ್ಲಿ ಲ್ಯಾಬ್ ನಡೆಸುವುದು ಕಷ್ಟವಾ?

ಮಳೆಗಾಲದಲ್ಲಿ ಹೌದು. ತೇವಕ್ಕೆ ಲೆನ್ಸಿನ ಮೇಲೆ ಬೂಷ್ಟು ಹಿಡಿಯುತ್ತದೆ. ಮೈಕ್ರೋಸ್ಕೋಪ್ ಕೋಣೆಗೆ ಹಗಲು ರಾತ್ರಿ ಎಸಿ ಬೇಕು, ತೇವ ಹೀರುವ ಯಂತ್ರ ಬೇಕು. ಕರೆಂಟ್ ಹೋದರೆ ಮೈನಸ್ 80ರ ಫ್ರೀಜರಿನ ಚಿಂತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಬೇರೆ, ಆಗ ತಾಜಾ ಸ್ಯಾಂಪಲ್ ಸಿಗುವುದು ಕಮ್ಮಿ. ಆ ಎರಡು ತಿಂಗಳು ಬರೆಯುವ ಕೆಲಸ ಇಟ್ಟುಕೊಳ್ಳುತ್ತೇವೆ. ಉಳಿದ ಹತ್ತು ತಿಂಗಳು ಮಲ್ಪೆ, ಮಂಗಳೂರಿನ ದಕ್ಕೆ ಇಷ್ಟು ಹತ್ತಿರ ಇರುವುದು ಬೆಂಗಳೂರಿನವರಿಗೆ ಸಿಗದ ಅನುಕೂಲ.

ಇದರಿಂದ ಜನರಿಗೆ ಏನು ಉಪಯೋಗ?

ಬೇಗ ಸಿಗುವ ಉಪಯೋಗ ಬೇಕಿದ್ದರೆ ಈ ಕ್ಷೇತ್ರ ಬೇಡ. ನಿಧಾನಕ್ಕೆ ಬರುವ ಉಪಯೋಗದ ಒಂದು ಕಥೆ ಹೇಳುತ್ತೇನೆ.

1983ರಲ್ಲಿ ಮೈಕಲ್ ಶೀಟ್ಜ್ ಮತ್ತು ಜೇಮ್ಸ್ ಸ್ಪುಡಿಚ್ ಮಯೋಸಿನ್ ಹಚ್ಚಿದ ಪುಟ್ಟ ಮಣಿಗಳನ್ನು ನೈಟೆಲ್ಲಾ ಎಂಬ ಪಾಚಿಯ ಆಕ್ಟಿನ್ ಎಳೆಗಳ ಮೇಲೆ ಬಿಟ್ಟರು. ಮಣಿಗಳು ಓಡಿದವು. ಪಾಚಿಯ ಮೇಲೆ ಮಣಿ ಓಡಿದರೆ ಯಾರಿಗೆ ಲಾಭ ಎಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಇರುತ್ತಿರಲಿಲ್ಲ. ಆದರೆ ಒಂಟಿ ಮಯೋಸಿನ್‌ನ ವೇಗ, ಬಲ ಅಳೆಯುವ ದಾರಿ ಅಲ್ಲಿಂದ ತೆರೆಯಿತು. ಹೃದಯದ ಗೋಡೆ ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಸುಮಾರು 500ರಲ್ಲಿ ಒಬ್ಬರಿಗೆ ಇರುತ್ತದೆ. ಆಟವಾಡುತ್ತಾ ಕುಸಿದು ಬೀಳುವ ಎಳೆ ವಯಸ್ಸಿನವರ ಸುದ್ದಿ ಓದುತ್ತೀರಲ್ಲ, ಕೆಲವು ಸಲ ಕಾರಣ ಇದೇ. ಬಹಳ ಜನರಲ್ಲಿ ಮಯೋಸಿನ್‌ನಲ್ಲೋ ಅದರ ಜೊತೆಗಾರ ಪ್ರೋಟೀನ್‌ನಲ್ಲೋ ದೋಷ ಇರುತ್ತದೆ, ಹೃದಯ ಬೇಕಾದ್ದಕ್ಕಿಂತ ಜೋರಾಗಿ ಹಿಂಡುತ್ತದೆ. ಮಯೋಸಿನ್ ಅನ್ನು ಸ್ವಲ್ಪ ತಗ್ಗಿಸುವ ಮವಾಕ್ಯಾಮ್ಟೆನ್ ಎಂಬ ಔಷಧಿಗೆ ಅಮೆರಿಕದಲ್ಲಿ 2022ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ತಂದ ಕಂಪನಿಯ ಸ್ಥಾಪಕರಲ್ಲಿ ಸ್ಪುಡಿಚ್ ಕೂಡ ಒಬ್ಬರು. ಮಣಿಯಿಂದ ಮಾತ್ರೆಗೆ ಹತ್ತಿರ ಹತ್ತಿರ 40 ವರ್ಷ.

ನಮ್ಮ ಮಟ್ಟಿಗೆ ಇನ್ನೂ ಹತ್ತಿರದ ವಿಷಯ ಇದೆ. ಹೃದಯದ ಮಯೋಸಿನ್ ಬೈಂಡಿಂಗ್ ಪ್ರೋಟೀನ್-ಸಿ ಜೀನಿನಲ್ಲಿ 25 ಡಿಎನ್ಎ ಅಕ್ಷರ ಬಿಟ್ಟುಹೋದ ಒಂದು ರೂಪ ದಕ್ಷಿಣ ಏಷ್ಯಾದ ಸುಮಾರು ಶೇಕಡಾ 4 ಜನರಲ್ಲಿದೆ. 2009ರಲ್ಲಿ ಇದು ದೊಡ್ಡ ಸುದ್ದಿಯಾಯಿತು. ಇದ್ದವರಿಗೆಲ್ಲ ಕಾಯಿಲೆ ಬರುತ್ತದೆ ಎಂದಲ್ಲ, ಹೆದರಬೇಡಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಹೋಗಿದ್ದರೆ ಹೃದಯ ತಜ್ಞರ ಹತ್ತಿರ ಎಕೋ ಮಾಡಿಸಿ. ನನ್ನ ಹತ್ತಿರ ಬರಬೇಡಿ.

ಜಿಮ್‌ಗೆ ಹೋದರೆ ಹೊಸ ನಾರು ಹುಟ್ಟುತ್ತದಾ? ಮರುದಿನದ ನೋವು ಲ್ಯಾಕ್ಟಿಕ್ ಆಸಿಡ್‌ನಿಂದಲಾ?

ಹೆಚ್ಚಾಗಿ ಇರುವ ನಾರೇ ದಪ್ಪವಾಗುತ್ತದೆ. ನೋವು ಲ್ಯಾಕ್ಟಿಕ್ ಆಸಿಡ್‌ನಿಂದ ಅಲ್ಲ, ಅದು ಸ್ವಲ್ಪ ಹೊತ್ತಿನಲ್ಲೇ ರಕ್ತದಿಂದ ಹೋಗಿಬಿಡುತ್ತದೆ. ಪ್ರೋಟೀನ್ ಪೌಡರ್ ಬಗ್ಗೆ ನನಗೆ ಅಭಿಪ್ರಾಯ ಇಲ್ಲ.

ಪಿಯುಸಿ ಆಗಿದೆ. ಮುಂದೆ ಏನು ಓದಬೇಕು?

ಎರಡು ದಾರಿ. ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಬರೆದು ಐದು ವರ್ಷದ ಕೋರ್ಸು ಸೇರುವುದು ಒಂದು. ಇಲ್ಲೇ ಬಿಎಸ್ಸಿ ಮಾಡಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೋ ಮಣಿಪಾಲದಲ್ಲೋ ಎಂಎಸ್ಸಿ ಮಾಡುವುದು ಇನ್ನೊಂದು. ಐಐಟಿಗಳ ಎಂಎಸ್ಸಿಗೆ ಜ್ಯಾಮ್ ಪರೀಕ್ಷೆ ಇದೆ. ಪಿಎಚ್‌ಡಿಗೆ ಸಿಎಸ್ಐಆರ್-ಯುಜಿಸಿ ನೆಟ್, ಗೇಟ್, ಇಲ್ಲವೇ ಬೆಂಗಳೂರಿನ ಎನ್‌ಸಿಬಿಎಸ್, ಮುಂಬೈಯ ಟಿಐಎಫ್ಆರ್‌ನಂಥ ಸಂಸ್ಥೆಗಳ ಪರೀಕ್ಷೆ ಮತ್ತು ಸಂದರ್ಶನ.

ಫಿಸಿಕ್ಸ್ ಓದಿದವರು ದಯವಿಟ್ಟು ಬನ್ನಿ. ಹ್ಯೂ ಹಕ್ಸ್‌ಲೀ ಫಿಸಿಕ್ಸ್‌ನವರು. ಟಿಐಎಫ್ಆರ್‌ನಲ್ಲಿ, ಆಮೇಲೆ ಐಐಟಿ ಬಾಂಬೆಯಲ್ಲಿ ಡೈನೀನ್ ಮೇಲೆ ಹೆಸರು ಮಾಡಿದ ರೂಪ್ ಮಲ್ಲಿಕ್ ಕೂಡ ಫಿಸಿಕ್ಸ್‌ನಿಂದ ಬಂದವರು. ಲೇಸರ್ ಬೆಳಕಿನಲ್ಲಿ ಮಣಿ ಹಿಡಿದು ಒಂದು ಮೋಟಾರಿನ ಬಲ ಅಳೆಯಬೇಕಾದರೆ ಗಣಿತಕ್ಕೆ ಹೆದರಬಾರದು.

ದುಡ್ಡು ಹೇಗೆ?

ನೇರವಾಗಿ ಹೇಳುತ್ತೇನೆ. 2023ರ ಜನವರಿಯಿಂದ ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಸಿಗುವ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಅದೇ ಎಸ್ಆರ್‌ಎಫ್ ಆಗಿ 42,000, ಮನೆ ಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿಗೆ ಐದಾರು ವರ್ಷ, ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನೆಗೆ) ಇನ್ನೂ ಕೆಲವು ವರ್ಷ. ಅಷ್ಟರಲ್ಲಿ ನಿಮ್ಮ ಎಂಜಿನಿಯರ್ ಗೆಳೆಯ ಫ್ಲ್ಯಾಟ್ ತೆಗೆದುಕೊಂಡಿರುತ್ತಾನೆ. ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ನನಗೂ ಆಗಿತ್ತು. ಕಾಯಂ ಹುದ್ದೆಗಳು ಕಮ್ಮಿ. ಮನೆಯ ಸಾಲ ನಿಮ್ಮ ತಲೆಯ ಮೇಲಿದ್ದರೆ ಇದನ್ನು ಮನೆಯವರ ಜೊತೆ ಕೂತು ಮಾತಾಡಿಯೇ ನಿರ್ಧರಿಸಿ. ಪ್ರೀತಿ ಇದ್ದರೆ ಸಾಕು ಎಂದು ವೇದಿಕೆಯಲ್ಲಿ ಹೇಳುವವರ ಮಾತು ನಂಬಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆಗುತ್ತದಾ?

ಆಗುತ್ತದೆ. ಟ್ರೋಪೋನಿನ್, ಟೈಟಿನ್ ಎಂಬ ಹೆಸರುಗಳು ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಹೊಸತು. ಕಷ್ಟವಾಗುವುದು ಸಂದರ್ಶನದಲ್ಲಿ ಮಾತಾಡುವಾಗ. ಅದಕ್ಕೆ ಒಂದು ಪ್ರಯೋಗವನ್ನು ಗೆಳೆಯರಿಗೆ ಇಂಗ್ಲಿಷಿನಲ್ಲಿ ವಿವರಿಸಿ ಅಭ್ಯಾಸ ಮಾಡಿ. ವ್ಯಾಕರಣ ತಪ್ಪಿದರೆ ಯಾರೂ ಅಂಕ ಕಡಿಯುವುದಿಲ್ಲ.

ಮಗಳಿಗೆ ಮದುವೆ ವಯಸ್ಸು. ಇಷ್ಟು ವರ್ಷ ಓದಿಸುವುದು ಸರಿಯಾ?

ಅದನ್ನು ಮಗಳ ಹತ್ತಿರ ಕೇಳಿ. ಮದುವೆ, ಮಗು ಎಂದು ಬಿಡುವು ತೆಗೆದುಕೊಂಡವರಿಗೆ ವಾಪಸ್ ಬರಲು ಕೇಂದ್ರ ಸರ್ಕಾರದ ವೈಸ್-ಕಿರಣ್, ಬಯೋಕೇರ್ ಯೋಜನೆಗಳಿವೆ. ವಾಪಸ್ ಬಂದವರನ್ನು ನಾನು ನೋಡಿದ್ದೇನೆ. ಸುಲಭವಾಗಿತ್ತು ಎಂದು ಅವರಲ್ಲಿ ಯಾರೂ ಹೇಳಿಲ್ಲ.

ಈಗ ಯಾವುದರ ಮೇಲೆ ಕೆಲಸ?

ಪಚ್ಚಿಲೆ, ಎರಡು ಚಿಪ್ಪಿನ ಕಡಲ ಜೀವಿ. ಬಂಡೆಗೆ ಅಂಟಿಕೊಂಡಿರುವ ಪಚ್ಚಿಲೆಯ ಚಿಪ್ಪನ್ನು ಬರಿಗೈಯಲ್ಲಿ ತೆರೆಯಲು ನೋಡಿದ್ದೀರಾ? ಆಗುವುದಿಲ್ಲ. ಗಂಟೆಗಟ್ಟಲೆ ಹಾಗೆಯೇ ಬಿಗಿ ಹಿಡಿದಿರುತ್ತದೆ, ಶಕ್ತಿ ಮಾತ್ರ ಹೆಚ್ಚುಕಮ್ಮಿ ಖರ್ಚೇ ಆಗುವುದಿಲ್ಲ. ನಮ್ಮ ತೋಳಿಗೆ ಅದು ಸಾಧ್ಯವಿಲ್ಲ, ಚೀಲ ಹಿಡಿದು ನಿಂತರೂ ಎಟಿಪಿ ಸುಡುತ್ತಲೇ ಇರುತ್ತದೆ. ಚಿಪ್ಪಿನ ಸ್ನಾಯು ನರಗಳು ಬಿಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದಿಂದ ಬಿಗಿಯಾಗುತ್ತದೆ, ಸೆರೋಟೋನಿನ್ ಎಂಬ ಇನ್ನೊಂದು ಬಂದ ಮೇಲೆಯೇ ಸಡಿಲವಾಗುತ್ತದೆ. ಟ್ವಿಚಿನ್ ಎಂಬ ದೊಡ್ಡ ಪ್ರೋಟೀನ್‌ಗೆ ಫಾಸ್ಫೇಟ್ ಸೇರಿದಾಗ ಆ ಹಿಡಿತ ಬಿಡುತ್ತದೆ. ಹಿಡಿದಿಟ್ಟುಕೊಳ್ಳುವುದು ಮಯೋಸಿನ್ ತಲೆಗಳೋ, ಟ್ವಿಚಿನ್ನೇ ಎರಡೂ ಎಳೆಗಳನ್ನು ಕಟ್ಟಿಹಾಕುತ್ತದೋ ಎಂಬುದು ಹಳೆಯ ಜಗಳ. ನಾನು ಟ್ವಿಚಿನ್ ಪಕ್ಷ.

ಬೇಸಿಗೆ ರಜೆಯಲ್ಲಿ ಲ್ಯಾಬಿಗೆ ಬರಬಹುದಾ? ಯಾರಿಗೆ ಬರೆಯಬೇಕು?

ದೇಶದ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಹಾಕಬೇಕು. ಏಪ್ರಿಲ್‌ನಲ್ಲಿ ಎದ್ದರೆ ತಡವಾಯಿತು. ನೇರವಾಗಿ ವಿಜ್ಞಾನಿಗಳಿಗೆ ಬರೆಯುವುದಾದರೆ ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸಬೇಡಿ, ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅವರ ಒಂದು ಲೇಖನ ಓದಿ. ಅದರಲ್ಲಿ ನಿಮಗೆ ಅರ್ಥವಾಗದ ಒಂದು ಚಿತ್ರದ ಬಗ್ಗೆ ಪ್ರಶ್ನೆ ಕೇಳಿ. ನಾಲ್ಕೈದು ಸಾಲು ಸಾಕು. ಅಂಕಪಟ್ಟಿ ಆಮೇಲೆ ಕೇಳುತ್ತಾರೆ. ಎರಡು ವಾರ ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಿರಿ, ಅದು ಉದ್ಧಟತನ ಅಲ್ಲ.